ಫ್ಯಾನ್ ತಿರುಗ್ತಿಲ್ವಲ್ಲೋ!

ನಮ್ಮಪ್ಪ 36 ವರ್ಷ ಬೆಂಗಳೂರಿನ ಎಚ್‌ಎಎಲ್ ಫ್ಯಾಕ್ಟರಿಯಲ್ಲಿ ಜೆಟ್ ಇಂಜಿನ್ ಬಿಚ್ಚಿ ಜೋಡಿಸಿದವರು. ರಿಟೈರಾಗಿ ಎಷ್ಟೋ ಕಾಲವಾಯಿತು. ಆದರೂ ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿ, "ಬೇರಿಂಗ್ ಹೋಗಿದೆ" ಎಂದು ಇಲ್ಲಿಂದಲೇ ತೀರ್ಪು ಕೊಡುತ್ತಾರೆ. ಅಂಥವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿಮಾನದ ಫೋಟೋ ತೆಗೆಯಲು ಹೊರಟೆನಲ್ಲ, ನನಗೆ ಬುದ್ಧಿ ಇರಲಿಲ್ಲ.

ಅಪ್ಪ, ಅಮ್ಮ ಕೇಂಬ್ರಿಜ್‌ನ ನಮ್ಮ ಮನೆಗೆ ಬಂದಿದ್ದರು. ಡಕ್ಸ್‌ಫರ್ಡ್ ಏರ್‌ಫೀಲ್ಡ್ ಅಲ್ಲಿಗೆ ಹತ್ತಿರ. ಎರಡನೇ ಮಹಾಯುದ್ಧದ ಹೆಸರಾಂತ ಯುದ್ಧವಿಮಾನ ಸ್ಪಿಟ್‌ಫೈರ್ ಮೊಟ್ಟಮೊದಲು ಬ್ರಿಟಿಷ್ ವಾಯುಪಡೆಯ ಕೈ ಸೇರಿದ್ದು 1938ರಲ್ಲಿ, ಇದೇ ಏರ್‌ಫೀಲ್ಡ್‌ನಲ್ಲಿ. ಈಗ ಅದು ಮ್ಯೂಸಿಯಂ. ಸೆಪ್ಟೆಂಬರಿನ ಏರ್‌ಶೋದಲ್ಲಿ ರಿಪೇರಿ ಮಾಡಿ ಜೀವ ತುಂಬಿದ ಹಳೇ ಯುದ್ಧವಿಮಾನಗಳು ನಿಜವಾಗಿ ಹಾರುತ್ತವೆ. ನಾನು ದೂರದ್ದನ್ನು ಹತ್ತಿರ ಎಳೆಯುವ 150-600 ಎಂಎಂ ಲೆನ್ಸ್ ಒಂದನ್ನು ಬಾಡಿಗೆಗೆ ತಂದಿದ್ದೆ. ಎರಡು ಕೆಜಿ ಹತ್ತಿರ ತೂಕ. ಕುತ್ತಿಗೆಗೆ ಸೋರೆಕಾಯಿ ಕಟ್ಟಿಕೊಂಡ ಹಾಗಿತ್ತು.

ಡಕ್ಸ್‌ಫರ್ಡ್‌ನಲ್ಲಿ ಜನ ನಿಲ್ಲುವುದು ರನ್‌ವೇಯ ಉತ್ತರಕ್ಕೆ, ಮುಖ ದಕ್ಷಿಣಕ್ಕೆ. ಇಂಗ್ಲೆಂಡಿನ ಸೂರ್ಯನೂ ಹೊತ್ತೇರಿದ ಮೇಲೆ ದಕ್ಷಿಣದಲ್ಲೇ ಠಿಕಾಣಿ. ಹಾಗಾಗಿ ಬೆಳಕು ನೇರ ಕಣ್ಣಿಗೆ. ಮೊದಲ ಹತ್ತು ಫೋಟೋಗಳಲ್ಲಿ ವಿಮಾನವೂ ಒಂದೇ, ಕಾಗೆಯೂ ಒಂದೇ.

"ದಕ್ಷಿಣಕ್ಕೆ ಮುಖ ಮಾಡಿ ಒಳ್ಳೇ ಕೆಲಸ ಶುರು ಮಾಡಬಾರದು ಕಣೋ," ಎಂದರು ಅಮ್ಮ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಜಾಸ್ತಿ ಮಾಡಿದೆ. ಅಮ್ಮನ ಮಾತೂ ಸುಳ್ಳಲ್ಲ ಅಂತ ಸಂಜೆಯ ಹೊತ್ತಿಗೆ ಗೊತ್ತಾಯಿತು.

ಆಮೇಲೆ ಬಂತು ಸ್ಪಿಟ್‌ಫೈರ್ ಎನ್3200. ಇದರ ಕಥೆ ಕೇಳಿ ಅಪ್ಪ ಟೋಪಿ ತೆಗೆದರು. 1940ರ ಮೇ ತಿಂಗಳಲ್ಲಿ ಇದೇ ಡಕ್ಸ್‌ಫರ್ಡ್‌ನ ಸ್ಕ್ವಾಡ್ರನ್ನಿನದಾಗಿ ಹೋರಾಡಲು ಹೋಗಿ, ಏಟು ತಿಂದು, ಫ್ರಾನ್ಸಿನ ಕಡಲ ತೀರದಲ್ಲಿ ಇಳಿದು ಮರಳಲ್ಲಿ ಹೂತುಹೋಗಿತ್ತು. 1986ರಲ್ಲಿ ಮೇಲೆ ತೆಗೆದರು. 2014ರಲ್ಲಿ ಮತ್ತೆ ಹಾರಿತು. ನಮ್ಮ ಮನೆ ಸ್ಕೂಟರ್ ಒಂದು ಮಳೆಗಾಲ ಹೊರಗೆ ನಿಂತಿದ್ದಕ್ಕೆ ಗುಜರಿಗೆ ಹೋಯಿತು.

ನಾನು ಕ್ಯಾಮೆರಾದ ಶಟರ್ 1/2000 ಸೆಕೆಂಡಷ್ಟೇ ತೆರೆಯುವ ಹಾಗೆ ಇಟ್ಟು ಪಟಪಟ ಹೊಡೆದೆ. ಒಂದೊಂದು ಮೊಳೆಯೂ ಎಣಿಸಬಹುದು, ಅಷ್ಟು ಸ್ಪಷ್ಟ! ಹೆಮ್ಮೆಯಿಂದ ಅಪ್ಪನ ಮುಂದೆ ಹಿಡಿದೆ. ಕನ್ನಡಕ ಏರಿಸಿ ನೋಡಿದರು.

"ಫ್ಯಾನ್ ತಿರುಗ್ತಿಲ್ವಲ್ಲೋ!"

"ಫ್ಯಾನಲ್ಲಪ್ಪ, ಪ್ರೊಪೆಲರ್."

"ಅದೇ. ನಿಂತುಬಿಟ್ಟಿದೆ. ಇದು ಹಾರ್ತಾ ಇದೆಯೋ, ದಸರಾ ಗೊಂಬೆ ಜೊತೆ ದಾರ ಕಟ್ಟಿ ತೂಗುಹಾಕಿದ್ದಾರೋ?"

ಹೌದಲ್ವಾ ಅನಿಸಿತು. ಇಂಜಿನ್ ಸತ್ತು ಬೀಳುತ್ತಿರುವ ಹಾಗೇ ಕಾಣುತ್ತಿತ್ತು. ಅಪ್ಪ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. ಫ್ಯಾನು ಸೆಕೆಂಡಿಗೆ ಸುಮಾರು 20 ಸುತ್ತು ಅಂತಿಟ್ಟುಕೋ. ಎಲೆ ಮೂರು. ಒಂದು ಎಲೆ ಮುಂದಿನ ಎಲೆಯ ಜಾಗಕ್ಕೆ ಬರಲು 1/60 ಸೆಕೆಂಡ್. "ಅಲ್ಲಿಗೆ ಇಡು, ಪೂರ್ತಿ ಚಕ್ರ ಬರುತ್ತೆ." ಲೆಕ್ಕ ಸರಿ. ಆದರೆ ಎರಡು ಕೆಜಿ ಹಿಡಿದುಕೊಂಡು 1/60 ಸೆಕೆಂಡ್ ನಡುಗದೆ ನಿಲ್ಲಬೇಕಾದವನು ನಾನು!

ಬಲ್ಲವರು ಹೇಳುವ ಪ್ರಕಾರ ಕಾಲು ಅಲ್ಲಾಡಬಾರದು, ಸೊಂಟದಿಂದ ಮೇಲಷ್ಟೇ ವಿಮಾನದ ಜೊತೆ ಸಮನಾಗಿ ತಿರುಗಬೇಕು. ಕುರ್ಚಿಯಲ್ಲೇ ಸವೆದ ನನ್ನ ಸೊಂಟ ಅರ್ಧಕ್ಕೇ ಸಿಕ್ಕಿಕೊಂಡಿತು. ಲೆನ್ಸ್ ಮಾತ್ರ ನಿಲ್ಲದೆ ಪಕ್ಕದವರ ಟೀ ಲೋಟಕ್ಕೆ ಬಡಿಯಿತು. ಪ್ಯಾಂಟ್ ತುಂಬಾ ಟೀ ಸುರಿಸಿಕೊಂಡ ಆ ಮನುಷ್ಯ ನನಗೇ "ಸಾರಿ" ಎಂದ! ಫೋಟೋದಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಜೊತೆಗೆ ರೆಕ್ಕೆ, ಬಾಲ, ಮೋಡ ಎಲ್ಲವೂ ತಿರುಗುತ್ತಿದ್ದವು. ಕೊನೆಗೆ 1/200ಕ್ಕೆ ರಾಜಿಯಾದೆವು.

ಅಷ್ಟರಲ್ಲಿ ನಾಲ್ಕು ಇಂಜಿನ್ನಿನ ದೊಡ್ಡ ಬಾಂಬರ್ ಬಿ-17 'ಸ್ಯಾಲಿ ಬಿ' ಹೊಗೆ ಬಿಡುತ್ತಾ ಬಂತು. ಅಮ್ಮ ಎದ್ದು ನಿಂತು, "ಅಯ್ಯೋ ರಾಯರೇ, ಹೊತ್ತಿಕೊಂಡಿದೆ!" ಎಂದು ಕೂಗಿಕೊಂಡರು. ಅದು ಸುಮ್ನೆ ಪ್ರದರ್ಶನಕ್ಕೆ ಬಿಡುವ ಹೊಗೆ ಎಂದು ಅಪ್ಪ ಸಮಾಧಾನ ಮಾಡಿದರು. ಗಾಬರಿ ಇಳಿದ ಮೇಲೆ ಅಮ್ಮನಿಗೆ ಹಸಿವು ನೆನಪಾಯಿತು. ಚಿತ್ರಾನ್ನದ ಡಬ್ಬಿ ತೆರೆಯಿತು. ನಾನು ಎರಡು ತುತ್ತು ತಿಂದು ಅದೇ ಕೈಯಲ್ಲಿ ಲೆನ್ಸ್ ಹಿಡಿದೆ. ಗಾಜಿನ ಮೇಲೆ ಅರಿಶಿನ, ಒಗ್ಗರಣೆ ಎಣ್ಣೆ ಕೂಡಿದ ಹೆಬ್ಬೆಟ್ಟಿನ ಗುರುತು ಬಿತ್ತು. ಅಂಗಿ ಅಂಚಿನಿಂದ ಒರೆಸಿದೆ, ಅದು ಗಾಜಿನ ತುಂಬಾ ಹರಡಿತು. ಅಲ್ಲಿಂದ ಮುಂದೆ ನನ್ನ ಆಕಾಶಕ್ಕೆಲ್ಲ ಮಂಜು ಕವಿಯಿತು.

ಅಪ್ಪ ಬೆಳಗಿನಿಂದ ಕಾಯುತ್ತಿದ್ದುದು ಕರ್ಟಿಸ್ ಹಾಕ್‌ಗಾಗಿ. 1939ರಲ್ಲಿ ಫ್ರಾನ್ಸಿಗೆಂದು ಕಟ್ಟಿದ ಅಮೆರಿಕದ ಫೈಟರ್. ಅದಕ್ಕೂ ಅಪ್ಪನಿಗೂ ಏನು ಸಂಬಂಧ ಅಂತೀರಾ? ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. 1942ರಲ್ಲಿ ಅಲ್ಲಿ ಜೋಡಿಸಿ ಹಾರಿಸಿದ್ದು ಇದೇ ಜಾತಿಯ ಹಾಕ್. ಅಪ್ಪ ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳುತ್ತಿದ್ದರಂತೆ. ಬರೀ ಕೇಳಿದ್ದು, ಹಾರುವುದನ್ನು ಕಣ್ಣಾರೆ ನೋಡಿರಲಿಲ್ಲ.

"ಬಂತು ಬಂತು! ನಮ್ಮ ಫ್ಯಾಕ್ಟರಿ ವಿಮಾನ! ಹೊಡಿಯೋ!"

ಕ್ಯಾಮೆರಾ ತಣ್ಣಗೆ ಹೇಳಿತು: ಕಾರ್ಡ್ ಭರ್ತಿ.

ಖಾಲಿ ಆಕಾಶದ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತೆ. ತಲೆಯ ಮೇಲೆ ಹಾಕ್ ಗುಡುಗಿತು, ಮಗುಚಿತು, ಎದ್ದಿತು. ಅಪ್ಪ ಕತ್ತೆತ್ತಿ ನಿಂತೇ ಇದ್ದರು. ಕಾರ್ಡಿನಲ್ಲಿ ಜಾಗವಾಗಿ ನಾನು ತಲೆ ಎತ್ತುವಾಗ ಅದು ಹೊರಟಿತ್ತು. ಒಂದೇ ಒಂದು ಸಿಕ್ಕಿತು: ಬಾಲ, ಹಿಂದಿನ ಅರ್ಧ ಮೈ, ಎಣ್ಣೆಯ ಮಂಜು.

ರಾತ್ರಿ ಅಪ್ಪ ಅದನ್ನೇ ಕೇಳಿ ತೆಗೆದುಕೊಂಡು, ಫ್ಯಾಕ್ಟರಿ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದರು. "ನಮ್ಮ ಹಾಕ್. ಫೋಟೋ: ನನ್ನ ಮಗ." ಐದೇ ನಿಮಿಷದಲ್ಲಿ ಉತ್ತರ ಬಂತು. ಅಪ್ಪ ಏನೂ ಹೇಳದೆ ಫೋನ್ ನನ್ನ ಕಡೆ ತಿರುಗಿಸಿದರು.

"ಫ್ಯಾನ್ ಎಲ್ಲಯ್ಯಾ?"