ತಲೆ ಬದಲಿಸುವ ಬ್ರಷ್ಷಿನ ತಲೆನೋವು

ಒಂದೇ ಹಿಡಿಗೆ ಮೂರು ತಲೆ ಅಂತ ಮಾರುವ ಈ ನೆಲ ತಿಕ್ಕುವ ಬ್ರಷ್ಷು ಮಾಡಿದವರು ಮಲೆನಾಡಿನ ಮಳೆಗಾಲ ನೋಡಿಯೇ ಇಲ್ಲ. ಅಂಗಳದ ಪಾಚಿಗೆ ನೀರು ಹೀರದ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನಿನ ಗಡಸು ಎಳೆ ಬೇಕು. ಇವರು ಕೊಡೋದು ನೈಲಾನ್. ನೀರು ಹೀರಿ ಮೆತ್ತಗಾಗಿ ಪಾಚಿಯನ್ನು ಸವರುತ್ತದೆ, ಅಷ್ಟೇ.

ತಲೆ ಕೂರುವ ಜಾಗವಂತೂ ಕೇಳಬೇಡಿ. ಟಕ್ಕೆಂದು ಕೂರುವ ತೆಳು ಪ್ಲಾಸ್ಟಿಕ್ ನಾಲಿಗೆ. ತಿಕ್ಕುವ ಬಲವೆಲ್ಲ ಅದರ ಬುಡದ ಚೂಪು ಮೂಲೆಗೇ ಬಿದ್ದು ಅಲ್ಲೇ ಬಿರುಕು. ಬುಡವನ್ನು 1 ಮಿ.ಮೀ. ದುಂಡಗೆ ಮಾಡಿ, ಬಲ ಹೊರಲು ಪಕ್ಕದಲ್ಲೊಂದು ಚೌಕ ಗೂಟ ಕೊಟ್ಟಿದ್ದರೆ ಸಾಕಿತ್ತು. ನೀರಿಳಿಯಲು ತಳದಲ್ಲಿ 5 ಮಿ.ಮೀ. ತೂತೂ ಇಲ್ಲ ಮಾರಾಯ್ರೆ! ನಿಂತ ನೀರಿಗೆ ಒಳಗಿನ ಕಬ್ಬಿಣದ ಸ್ಪ್ರಿಂಗ್ ತುಕ್ಕು ಹಿಡಿದರೆ ತಲೆ ಬಿಚ್ಚಲೂ ಬಾರದು. ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಲು ಏನು ದಾಡಿ? ಬದಲಿ ತಲೆಗೆ ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಿದರೂ ಸಿಗೋದು ಬೇರೆ ಅಳತೆಯದೇ.