ರಸ್ತೆ ಇಳೀಲಿಲ್ಲಂದ್ರ ಗಾಡಿ ಏರಿಸ್ರಿ

ಹಂಪಿ ನೋಡಲು ಕಲಬುರಗಿಯವರು ಹೊಸಪೇಟೆ ತನಕ ಹೋಗಬೇಕಿಲ್ಲ. ಓಣಿಗೊಂದು ರಸ್ತೆ ಹಂಪು, ಗುಡಿಗೆರಡು, ಶಾಲೆಗೆ ಮೂರು, ಪುಢಾರಿ ಮನೆ ಮುಂದೆ ಮರ್ಯಾದೆಗೊಂದು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗಾಡಿ 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟಬೇಕು, 40 ಮೀಟರ್ ಮೊದಲೇ ಫಲಕ. ಈ ಕಾಂಗ್ರೆಸ್ಸು ಚುನಾವಣೆಗೆ ನಿಲ್ಲುವುದಿಲ್ಲ. ಹಾಗಾಗಿ ಅದರ ಮಾತು ಯಾರೂ ಕೇಳುವುದಿಲ್ಲ. ಓಣಿಯವರು ಎತ್ತರವೊಂದನ್ನೇ ಓದಿಕೊಂಡರು, ಅದನ್ನೂ ಕನಿಷ್ಠ ಎಂದು. ಅಗಲಕ್ಕೆ ಒಂದು ಮೊಳ ಸಾಕು. ದೊಡ್ಡವರು ಬರುವ ಹಿಂದಿನ ರಾತ್ರಿ ಜೆಸಿಬಿ ಬಂದು ಕೆತ್ತಿಕೊಂಡು ಹೋಗುತ್ತದೆ. ವಾರದೊಳಗೆ ಹಂಪು ತವರಿಗೆ ಹೋಗಿ ಬಂದ ಸೊಸೆಯಂತೆ ಇನ್ನಷ್ಟು ಮೈ ತುಂಬಿಕೊಂಡು ಮರಳಿರುತ್ತದೆ. ತಗ್ಗುಗಳ ಉಸ್ತುವಾರಿ ಎರೆಮಣ್ಣಿನದು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಮೇಲಿನ ಡಾಂಬರನ್ನು ಹಪ್ಪಳ ಮಾಡಿಡುತ್ತದೆ.

ರಸ್ತೆ ಇಳಿಯುವ ಲಕ್ಷಣವಿಲ್ಲ. ಆದ್ದರಿಂದ ಪ್ರಜೆ ತಾನೇ ಏರಬೇಕು. ಅಂಗಳದಲ್ಲೇ ಮಾರುತಿ ಜಿಮ್ನಿ ಗಾಡಿಗೆ ಅದರ ಮೈ 2 ಇಂಚು ಎತ್ತರಿಸುವ ಸ್ಪ್ರಿಂಗು-ಶಾಕಬ್ಸರುಗಳ ಲಿಫ್ಟ್ ಕಿಟ್ ಹಾಕಿಕೊಳ್ಳುವುದು ಈಗ ಪೌರ ಕರ್ತವ್ಯ.

ಮೊದಲ ಎಚ್ಚರಿಕೆ ಅಂಗಳದ ಬಗ್ಗೆಯೇ. ನಮ್ಮಲ್ಲಿ ಅಂಗಳವೆಂದರೆ ಶಹಾಬಾದ್ ಫರ್ಸಿ. ಅದರ ಮೇಲೆ ನೇರವಾಗಿ ಜಾಕ್ ಇಟ್ಟರೆ ಭಾರವೆಲ್ಲ ಅಂಗೈಯಷ್ಟು ಜಾಗಕ್ಕೆ ಬಿದ್ದು ಕಲ್ಲು ಸೀಳುತ್ತದೆ, ಜಾಕ್ ವಾಲುತ್ತದೆ. ದಪ್ಪ ಮರದ ಹಲಗೆ ಹಾಕಿರಿ. 3 ಟನ್ನಿನ ಟ್ರಾಲಿ ಜಾಕ್ ಎತ್ತುವುದಕ್ಕೆ ಮಾತ್ರ. ಗಾಡಿ ನಿಲ್ಲಬೇಕಾದದ್ದು ಚಾಸಿ ಕೆಳಗಿನ ಎರಡು ಸ್ಟ್ಯಾಂಡುಗಳ ಮೇಲೆ. ‘ನಾಕ ಇಟ್ಟಂಗಿ ಇಡ್ರಿ ಸಾಕು’ ಎನ್ನುವ ಮಾವನಿಗೆ ಚಹಾ ಕೊಟ್ಟು ಕಟ್ಟೆ ಮೇಲೆ ಕೂಡಿಸಿರಿ, ಗಾಡಿ ಕೆಳಗೆ ಮಾತ್ರ ಬಿಡಬೇಡಿರಿ. ಮೇ ತಿಂಗಳಲ್ಲಾದರೆ ಕೆಲಸ ನಸುಕಿನಲ್ಲೇ ಮುಗಿಯಲಿ. 43 ಡಿಗ್ರಿ ಬಿಸಿಲಿಗೆ ಪಾನಾ ಕೈ ಸುಡುತ್ತದೆ.

ಹಿಂದಿನ ಆಕ್ಸಲ್‌ನಿಂದ ಶುರು ಮಾಡಿರಿ, ಅದು ಸುಲಭ. ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿರಿ. ಗಾಡಿ ಎತ್ತುವ ಮೊದಲೇ ಗಾಲಿ ನಟ್ಟು ಅರ್ಧ ಸುತ್ತು ಸಡಿಲವಾಗಿರಲಿ. ಆಕ್ಸಲ್ ಕೆಳಗೆ ಜಾಕ್ ಆಸರೆ ಕೊಟ್ಟು ಶಾಕಬ್ಸರಿನ ಕೆಳಬೋಲ್ಟು, ಪ್ಯಾನ್‌ಹಾರ್ಡ್ ರಾಡು (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಕಂಬಿ), ಎಬಿಎಸ್ ತಂತಿಯ ಕ್ಲಿಪ್ಪು, ಬ್ರೇಕ್ ಪೈಪಿನ ಹಿಡಿಕೆ ಬಿಚ್ಚಿ ಮೆಲ್ಲಗೆ ಇಳಿಸಿರಿ. ಜಿಮ್ನಿಯಲ್ಲಿ ಸ್ಪ್ರಿಂಗು, ಶಾಕಬ್ಸರು ಬೇರೆ ಬೇರೆ. ಆಕ್ಸಲ್ ಸಾಕಷ್ಟು ಇಳಿದರೆ ಸ್ಪ್ರಿಂಗು ಕೈಗೇ ಬರುತ್ತದೆ. ಹಿಡಿಕೆ ಬಿಚ್ಚುವುದನ್ನು ಮರೆತರೆ ಆಕ್ಸಲ್ ಭಾರವೆಲ್ಲ ಬ್ರೇಕ್ ಪೈಪಿನ ಮೇಲೆ ಜೋತಾಡುತ್ತದೆ. ಅದು ಅಂದೇ ಹರಿಯುವುದಿಲ್ಲ. ಒಳಗೊಳಗೇ ಬಿರಿದು, ಮುಂದೊಂದು ದಿನ ಹಂಪಿನೆದುರೇ ಹರಿಯುತ್ತದೆ.

ಹೊಸ ಸ್ಪ್ರಿಂಗಿನ ತುದಿ ಅದು ಕೂರುವ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿರಬೇಕು. ಅದಕ್ಕೆ ತಕ್ಕ ಉದ್ದದ ಶಾಕಬ್ಸರು, ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ಬಂಪ್ ಸ್ಟಾಪಿಗೆ ಅದಕ್ಕೆ ಹೊಂದುವ ತುಂಡು. ಅದಿಲ್ಲದಿದ್ದರೆ ತಗ್ಗಿಗೆ ಬಿದ್ದಾಗ ಉದ್ದನೆಯ ಶಾಕಬ್ಸರು ತಳ ಬಡಿದು ಹಾಳಾಗುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಲಿ ಗಾಳಿಯಲ್ಲಿರುವಾಗ ಬಿಗಿಯಲೇಬೇಡಿರಿ. ಗಾಡಿ ನೆಲಕ್ಕಿಳಿದು ತನ್ನ ಭಾರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲವಾದರೆ ಬುಷ್ ತಿರುಚಿಕೊಂಡೇ ಬದುಕಿ ಬೇಗ ಹರಿಯುತ್ತದೆ. ಮನೆಯಲ್ಲೇ ಈ ಕೆಲಸ ಮಾಡುವಾಗ ಬಹಳ ಮಂದಿ ಎಡವುವುದು ಇಲ್ಲಿಯೇ.

ಏರಿದ ಮೇಲೆ ಹೊಸ ಸಮಸ್ಯೆಗಳು, ಗೆದ್ದ ಮೇಲೆ ಬರುವ ನೆಂಟರಂತೆ. ಪ್ಯಾನ್‌ಹಾರ್ಡ್ ರಾಡಿನ ಉದ್ದ ಅಷ್ಟೇ ಇದ್ದು ಕೋನ ಬದಲಾದದ್ದರಿಂದ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡು ಬೇಕು. ಸ್ಟೇರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಸ್ಟೇರಿಂಗನ್ನು ಗಾಲಿಗೆ ಜೋಡಿಸುವ ಡ್ರ್ಯಾಗ್ ಲಿಂಕ್ ಕಂಬಿ ತಿರುಗಿಸಿ ನೆಟ್ಟಗೆ ಮಾಡಬೇಕು. ಕ್ಯಾಸ್ಟರ್ ಕೋನ (ಸ್ಟೇರಿಂಗಿಗೆ ಗಾಲಿ ತಿರುಗುವ ಅಚ್ಚು ಹಿಂದಕ್ಕೆ ಬಾಗಿರುವ ಓರೆ) ಇಳಿದು ಮುಂದಿನ ಗಾಲಿಗಳು ನೆಟ್ಟಗಿನ ರಸ್ತೆಯಲ್ಲೂ ಅಲೆದಾಡುತ್ತವೆ; ಮುಂದಿನ ಆಕ್ಸಲ್ ಹಿಡಿದಿರುವ ಆರ್ಮ್‌ಗಳಿಗೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಹಾಕಬೇಕು. (ನೆಟ್ಟಗಿನ ರಸ್ತೆ ಸಿಗದಿದ್ದರೆ ಈ ದೋಷ ಗೊತ್ತೇ ಆಗುವುದಿಲ್ಲ, ನಿಶ್ಚಿಂತೆ.) ಹೆಡ್‌ಲೈಟು ಎದುರಿನವನ ಕಣ್ಣಿಗೇ ಹೊಡೆಯುತ್ತದೆ, ಅದನ್ನೂ ಇಳಿಸಿರಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಹೊಟ್ಟೆ ಏರಿತು, ಬಂಪರು ಏರಿತು. ಕೆಳಗೆ ಜೋತಾಡುವ, ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗಡ್ಡೆ ಮಾತ್ರ ಒಂದು ಕೂದಲೆಳೆಯೂ ಏರಲಿಲ್ಲ. ಅದು ಆಕ್ಸಲ್ಲಿಗೇ ಅಂಟಿದ್ದು, ಆಕ್ಸಲ್ ಗಾಲಿಗೆ. ಟಾಯರು ದೊಡ್ಡದಾಗದೆ ಅದು ಏರದು. ಟಾಯರಿನ ವ್ಯಾಸ 1 ಇಂಚು ಹೆಚ್ಚಿದರೂ ಸಿಗುವುದು ಅರ್ಧ ಇಂಚು. ಮೇಲಾಗಿ ಕಿಟ್ಟಿನ ಸ್ಪ್ರಿಂಗು ಬಹುತೇಕ ಸಾಮಾನು ಹೇರಲೆಂದು ಮಾಡಿದ ಗಡುಸು ಸ್ಪ್ರಿಂಗು. ಖಾಲಿ ಗಾಡಿಯಲ್ಲಿ ಹಂಪು ಮೊದಲಿಗಿಂತ ಜೋರಾಗಿ ಸೊಂಟಕ್ಕೆ ಹತ್ತುತ್ತದೆ. ಅದನ್ನು ಮರೆಸಲು ಬೇಕಾದರೆ ಹಿಂದೆ ಎರಡು ಚೀಲ ತೊಗರಿ ಹಾಕಿಕೊಳ್ಳಿರಿ.

ಇನ್ನು ಕಾನೂನು. ಕಂಪನಿ ಕೊಟ್ಟ ರೂಪ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಹಿಡಿದವರು ಉದಾರಿಗಳಾದರೆ ಇಡೀ ಕಿಟ್ಟು ಒಂದೇ ಬದಲಾವಣೆ; ಮಾರ್ಚ್ ತಿಂಗಳ ಗುರಿ ಮುಟ್ಟಿರದಿದ್ದರೆ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕಬ್ಸರು, ಬೇರೆ ಬೇರೆ ಲೆಕ್ಕ. 5 ಸೆಂ.ಮೀ. ಏರಿದ ಗಾಡಿ ಅಪರಾಧಿ, 3.7 ಮೀಟರಿನಿಂದ ಮೊಳಕ್ಕಿಳಿದ ಹಂಪು ಅಭಿವೃದ್ಧಿ ಕಾಮಗಾರಿ.

ಕೊನೆಯದಾಗಿ, 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂಬ ರೂಢಿಯಿದೆ. ಅದು ಬೇರೆ ಊರಿನ ಲೆಕ್ಕ ಬಿಡ್ರಿ. ಇಲ್ಲಿ ರಿಂಗ್ ರೋಡ್ ಒಂದು ಸುತ್ತು ಹಾಕಿ ಬರ್ರಿ, ಪಾನಾ ಸೀಟಿನ ಕೆಳಗೇ ಇರಲಿ.