ಬಾಯಿ ಹತ್ತಿರ ಬಂದ ತುತ್ತು

ಮೊನ್ನೆ ರಾತ್ರಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಿಂದ ವಾಪಸ್ ಬಂದೆ. ಫೋಟೊ ಹಾಕು ಅಂತ ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ಹೇಳಿಬಿಡಬೇಕು. ಒಂದು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಕಳೆದ ಬುಧವಾರ ಮಧ್ಯಾಹ್ನ ನಾನೂ ಗೆಳತಿಯೂ ಬೋಲೆ ಕಡೆ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಕನ್ನಡ ಕೇಳಿಸಿತು. ಖುಷಿಯಿಂದ ಮಾತಾಡಿಸಿದೆ. ಬೆಂಗಳೂರಿನವರು, ಆರು ಜನ. ಅವರ ಮುಂದೆ ಅಗಲವಾದ ತಟ್ಟೆಯಲ್ಲಿ ಇಂಜೆರಾ ಅನ್ನುವ ಹುಳಿ ದೋಸೆಯಂಥದ್ದು, ಅದರ ಮೇಲೆ ಬೇಳೆ, ಸೊಪ್ಪು, ಪಲ್ಯ. ಯಾರೂ ಮುಟ್ಟಿರಲಿಲ್ಲ. ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು ಬ್ರೆಡ್ ಜೊತೆ ತಿನ್ನುತ್ತಿದ್ದರು. ಹೋಟೆಲ್ ನಡೆಸುವ ಅಮ್ಮ ಇದನ್ನು ನೋಡಿ ಹತ್ತಿರ ಬಂದರು. ಇಂಜೆರಾ ಹರಿದು, ಶಿರೋ ಅನ್ನುವ ಗೊಜ್ಜಿನಲ್ಲಿ ಅದ್ದಿ, ಒಬ್ಬ ಹೆಂಗಸಿನ ಬಾಯಿ ಹತ್ತಿರ ಹಿಡಿದರು. ಆಕೆ ಮುಖ ತಿರುಗಿಸಿ ದುಪಟ್ಟಾ ಮೂಗಿಗೆ ಹಿಡಿದುಕೊಂಡರು. ಆ ಅಮ್ಮ ಚಾಚಿದ ಕೈ ಹಾಗೇ ನಿಂತುಬಿಟ್ಟಿತು.

ಅಲ್ಲಿ ಅದಕ್ಕೆ ಗುರ್ಶಾ ಅನ್ನುತ್ತಾರೆ. ಪ್ರೀತಿಯಿಂದ, ಗೌರವದಿಂದ ಕೊಡುವ ತುತ್ತು. ಬೆಳದಿಂಗಳಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಮ್ಮ ಅಜ್ಜಿಯರು ಕೊಡುತ್ತಿದ್ದರಲ್ಲ, ಅದೇ ಕೈತುತ್ತು. ಬೇಡ ಅಂದರೆ ಅವರಿಗೆ ಅವಮಾನ.

ಆಮೇಲೆ ಆಕೆ ನನಗೆ ಹೇಳಿದ ಮಾತು: 'ವೆಜಿಟೇರಿಯನ್‌ಗೆ ಇಲ್ಲಿ ಏನೂ ಇಲ್ಲ, ಅಲ್ವಾ?'

ಬುಧವಾರ ಕಣ್ರೀ ಅವತ್ತು! ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಮಾಂಸ, ಮೊಟ್ಟೆ ಇರಲಿ, ಹಾಲು, ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಈಸ್ಟರ್‌ಗೆ ಮೊದಲು 55 ದಿನ ಹೀಗೇ. ಆ ದಿನಗಳ ತಟ್ಟೆಗೆ 'ಯೆತ್ಸೋಮ್ ಬೆಯಾಯ್ನೆತು' ಅಂತ ಹೆಸರು. ಮಸೂರ್ ಬೇಳೆಯ ಮಿಸಿರ್ ವತ್, ಅರಿಶಿನ ಹಾಕಿದ ಬಟಾಣಿ ಬೇಳೆ, ಗೊಮೆನ್ ಸೊಪ್ಪು, ಎಲೆಕೋಸು ಆಲೂಗಡ್ಡೆ ಪಲ್ಯ. ಶಿರೋ ಮಾಡುವುದು ಕಡಲೆ ಹಿಟ್ಟಿನಿಂದ. ಉತ್ತರ ಕರ್ನಾಟಕದವರು ಬಾಯಿಗಿಟ್ಟರೆ ಝುಣಕದ ಅಣ್ಣನೋ ತಮ್ಮನೋ ಅಂತ ಗುರುತು ಹಿಡಿಯುತ್ತಾರೆ. ಇಂಜೆರಾ ಟೆಫ್ ಅನ್ನುವ ಕಾಳಿನದು, ರಾಗಿಗಿಂತ ಸಣ್ಣ ಕಾಳು. ಹಿಟ್ಟು ಕಲಸಿ ಎರಡು ಮೂರು ದಿನ ಹುಳಿ ಬರಿಸಿ, ಹೆಂಚಿನ ಮೇಲೆ ಒಂದೇ ಕಡೆ ಬೇಯಿಸುತ್ತಾರೆ. ಮೈತುಂಬ ತೂತು. ದೋಸೆ ತಿಂದು ಬೆಳೆದವರು ಇದಕ್ಕೆ ಮುಖ ತಿರುಗಿಸುವುದೇ?

ನಾನು ಹಾಸನದವಳು. ಮುದ್ದೆ ತಿಂದು, ಕಾಫಿ ಕುಡಿದು ಬೆಳೆದವಳು. ಆ ರಾಗಿಯ ತವರೇ ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನಾಡು. ಕಾಫಿಯೂ ಅಲ್ಲಿನ ಕಾಡಿನದೇ, ಬಾಬಾಬುಡನ್ ಯೆಮೆನ್‌ನಿಂದ ತಂದರು ಅನ್ನುತ್ತೇವಲ್ಲ, ಆ ಯೆಮೆನ್‌ಗೆ ಹೋಗಿದ್ದೂ ಅಲ್ಲಿಂದಲೇ. ನಾವು ದಿನಾ ತಿನ್ನುವುದು, ಕುಡಿಯುವುದು ಅವರ ನೆಲದ್ದು. ಆದರೂ 'ಅಲ್ಲಿ ಏನೂ ಸಿಗಲ್ಲ' ಅನ್ನುತ್ತೇವೆ.

ಎಂಜಲು ಅಂತ ಹೇಳುವವರಿದ್ದಾರೆ, ಗೊತ್ತು. ಒಂದೇ ತಟ್ಟೆಯಲ್ಲಿ ಎಲ್ಲರೂ ಕೈ ಹಾಕುತ್ತಾರೆ ಅಂತ. ಊಟಕ್ಕೆ ಮೊದಲು ಎಲ್ಲರಿಗೂ ಕೈ ತೊಳೆಯಲು ನೀರು ಕೊಟ್ಟರು, ನಾನೇ ನೋಡಿದ್ದೇನೆ. ನಮ್ಮ ಮದುವೆಗಳಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ತಿನ್ನಿಸುವಾಗ ನಿಂತು ಚಪ್ಪಾಳೆ ಹೊಡೆಯುವವರು ಇವರೇ. ಇನ್ನು ಭಯದ ಮಾತು. ದೇಶದ ಕೆಲವು ಕಡೆ ಗಲಾಟೆ ಇದೆ, ಅಲ್ಲಿಗೆ ನಾವು ಹೋಗಲಿಲ್ಲ. ಮೆರ್ಕಾಟೊ ಮಾರುಕಟ್ಟೆಯಲ್ಲಿ ಪರ್ಸ್ ಜೋಪಾನ ಮಾಡಬೇಕು. ಕೆ.ಆರ್. ಮಾರ್ಕೆಟ್‌ನಲ್ಲೂ ಮಾಡಬೇಕು.

ಒಂದು ವಿಷಯ ಒಪ್ಪಿಕೊಳ್ಳಬೇಕು. 1985ರಲ್ಲಿ ನಾನು ಆರನೇ ಕ್ಲಾಸು. ಪೇಪರಿನಲ್ಲಿ ಅಲ್ಲಿನ ಬರಗಾಲದ ಫೋಟೊಗಳು ಬರುತ್ತಿದ್ದವು. ನಮ್ಮ ಕ್ಲಾಸಿನ ಒಬ್ಬ ತೆಳ್ಳಗಿನ ಹುಡುಗಿಗೆ ನಾವು 'ಇಥಿಯೋಪಿಯಾ' ಅಂತ ಹೆಸರಿಟ್ಟೆವು. ನಾನೂ ಕರೆದೆ. ಅವಳು ನಮ್ಮ ಜೊತೆ ಡಬ್ಬಿ ಬಿಚ್ಚುವುದನ್ನೇ ಬಿಟ್ಟಳು. ಬುಧವಾರ ಆ ಅಮ್ಮನ ಕೈ ನೋಡಿದಾಗ ನನಗೆ ಮೊದಲು ನೆನಪಾದದ್ದು ಅವಳು. ಕೋಪ ಬಂದಿದ್ದು ಆಮೇಲೆ.

ಸಂಜೆ ಗೆಳತಿಯ ಪರಿಚಯದ ಹುಡುಗ '2 ಗಂಟೆಗೆ ಬರುತ್ತೇನೆ, ಹಾಡು ಕೇಳಲು ಹೋಗೋಣ' ಅಂದ. ಅವರ ಲೆಕ್ಕ ಬೆಳಗ್ಗೆ, ಸಂಜೆ 6 ಗಂಟೆಯಿಂದ ಶುರು. ರಾತ್ರಿ 2 ಅಂದರೆ ನಮ್ಮ 8 ಗಂಟೆ. ಸ್ವೆಟರ್ ಹಾಕಿಕೊಂಡು ಹೊರಟೆವು. ಆ ಊರು 2,300 ಮೀಟರ್‌ಗಿಂತ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್!

ಹೋಗಿದ್ದು ಅಜ್ಮಾರಿ ಬೇತ್‌ಗೆ. ಅಜ್ಮಾರಿ ಅಂದರೆ ಹಾಡುಗಾರ, ಬೇತ್ ಅಂದರೆ ಮನೆ. ಕೈಯಲ್ಲಿ ಮಸಿಂಕೊ, ಒಂದೇ ತಂತಿಯ ವಾದ್ಯ, ಕಮಾನಿನಿಂದ ನುಡಿಸುತ್ತಾರೆ. ಎದುರು ಕೂತವರ ಮೇಲೆ ಅಲ್ಲೇ ಪದ ಕಟ್ಟಿ ಹಾಡುತ್ತಾರೆ. ನಮ್ಮಲ್ಲಿ ಸವಾಲ್ ಜವಾಬ್ ಲಾವಣಿ ಕೇಳಿದವರಿಗೆ ಆ ರುಚಿ ಗೊತ್ತು. ನನ್ನ ಹಣೆಬೊಟ್ಟಿನ ಮೇಲೊಂದು ಪದ ಕಟ್ಟಿದರು. ಹುಡುಗ ಅರ್ಥ ಹೇಳಿದ: 'ಸಮುದ್ರ ದಾಟಿ ಬಂದ ಅಕ್ಕ, ಸೂರ್ಯನನ್ನು ಹಣೆಗೇ ಇಟ್ಟುಕೊಂಡು ಬಂದಿದ್ದಾಳೆ.' ಕಣ್ಣು ತುಂಬಿತು. ಬೆರೆಲೆ ಅನ್ನುವ ಉದ್ದ ಕತ್ತಿನ ಗಾಜಿನ ಬುಡ್ಡಿಯಲ್ಲಿ ತೇಜ್ ಅನ್ನುವ ಜೇನಿನ ಮದ್ಯ ಬಂತು, ಕುಡಿದೆ. ಎಸ್ಕಿಸ್ತಾ ಕುಣಿತ ಶುರುವಾಯಿತು. ಎಲ್ಲ ಚಳಕವೂ ಭುಜದಲ್ಲೇ. ನನ್ನನ್ನೂ ಎಳೆದುಕೊಂಡು ಹೋದರು. ಯಾರೂ ದೂರ ಇಡಲಿಲ್ಲ. ಮುಖ ತಿರುಗಿಸುವುದು ಅವರಿಗೆ ಗೊತ್ತೇ ಇಲ್ಲ.

ಆ ಮಧ್ಯಾಹ್ನದ ತುತ್ತು ಏನಾಯಿತು ಅಂತ ಹೇಳಲಿಲ್ಲ ಅಲ್ವಾ? ನಾನು ಎದ್ದು ಹೋಗಿ ಬಾಯಿ ತೆರೆದೆ. ಅಮ್ಮ ನಕ್ಕು ತಿನ್ನಿಸಿದರು. ಇನ್ನೊಂದು ತಿನ್ನಿಸಿದರು. ಆಮೇಲೆ ನಮ್ಮೆದುರೇ ಹಸಿ ಕಾಫಿಬೀಜ ಹುರಿದು, ಹೊಗೆಯನ್ನು ನಮ್ಮ ಮುಖದ ಹತ್ತಿರ ಹಿಡಿದು, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕಾಫಿ ಕಾಯಿಸಿದರು. ಮೂರು ಸುತ್ತು ಕಾಫಿ: ಅಬೋಲ್, ತೋನಾ, ಬೆರೆಕಾ. ಮೂರನೆಯದು ಆಶೀರ್ವಾದ. ಅಷ್ಟು ಹೊತ್ತಿಗೆ ಪಕ್ಕದ ಮೇಜು ಖಾಲಿಯಾಗಿತ್ತು. ತಟ್ಟೆ ತುಂಬಿಯೇ ಇತ್ತು.

ಮೆರ್ಕಾಟೊದಿಂದ ಶಿರೋ ಪುಡಿ, ಬೆರ್ಬೆರೆ ಖಾರದ ಪುಡಿ ತಂದಿದ್ದೇನೆ. ಟೆಫ್ ತರಲಾಗಲಿಲ್ಲ, ರಾಗಿ ದೋಸೆ ಹುಯ್ಯುತ್ತೇನೆ. ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ತಟ್ಟೆ ಒಂದೇ ಇಡುತ್ತೇನೆ.